ಲಾಳಿ ಸಂಘದ ಹೊಸ ಮ್ಯಾನೇಜರ್

ನವೆಂಬರ್ 18, ಮಂಗಳವಾರ

ಮದುವೆಯಾಗಿ ಇಂದಿಗೆ ಹದಿಮೂರು ದಿನ. ಈ ನೋಟುಬುಕ್ಕನ್ನು ಜಮಖಂಡಿಯಿಂದ ಹೊರಡುವಾಗ ಸೀರೆಗಳ ನಡುವೆ ಬಚ್ಚಿಟ್ಟು ತಂದಿದ್ದೆ. ಶಾಲೆಯಲ್ಲಿದ್ದಾಗ ದಿನಚರಿಯನ್ನು ಇಂಗ್ಲಿಷಿನಲ್ಲೇ ಬರೆಯುತ್ತಿದ್ದೆ, ಇಂಗ್ಲಿಷ್ ಮೀಡಿಯಂ ಹುಡುಗಿಯ ಜಂಬ. ನಿನ್ನೆಯೂ ಹಾಗೆಯೇ ಒಂದು ಪುಟ ಬರೆದು ಓದಿ ನೋಡಿದೆ. ನನಗೆ ನಾನೇ ರಜೆ ಚೀಟಿ ಬರೆದುಕೊಂಡ ಹಾಗಿತ್ತು. ಹರಿದು ಹಾಕಿದೆ. ಇಷ್ಟು ಸುಖ ರಜೆ ಚೀಟಿಯಲ್ಲಿ ಹಿಡಿಸುವುದಿಲ್ಲ.

ಅವರ ಹೆಸರು ವೀರೇಶ. ಈ ಮನೆಯಲ್ಲಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಇಲ್ಲಿ ಒಮ್ಮೆ ಬರೆದು ಆಸೆ ತೀರಿಸಿಕೊಂಡೆ, ಇನ್ನು ಮೇಲೆ ಅವರು ಅಂದರೆ ಅವರೇ. ನಕ್ಕರೆ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ. ಬಲಗೆನ್ನೆಗೆ ಯಾಕೆ ಅನ್ಯಾಯ ಎಂದು ಕೇಳಿದ್ದಕ್ಕೆ ಮತ್ತೆ ನಕ್ಕರು. ಅದನ್ನೇ ನೋಡುತ್ತ ನಿಂತು ನಿನ್ನೆ ಎರಡು ರೊಟ್ಟಿ ಸೀದು ಹೋದವು. ಅತ್ತೆ ತಂಗೆವ್ವ ಸೀದ ಎರಡನ್ನೂ ಮಗನ ತಾಟಿಗೇ ಹಾಕಿದರು.

ಬನಹಟ್ಟಿಯ ಈ ಮನೆಗೆ ಮುಂದೆ ಪಡಸಾಲೆ, ಹಿಂದೆ ತಗಡಿನ ಶೆಡ್ಡು. ಶೆಡ್ಡಿನಲ್ಲಿ ಆರು ಪವರ್‌ಲೂಮು ಮಗ್ಗ. ಬೆಳಗ್ಗೆ ಅವು ಶುರುವಾದರೆ ಚಹದ ಕಪ್ಪಿನಲ್ಲಿ ಚಹ ನಡುಗುತ್ತದೆ. ಮೊದಲ ದಿನ ತಲೆನೋವು ಬಂದಿತ್ತು. ಈಗ ಆ ಸದ್ದಿನಲ್ಲೇ ಅವರ ಹೆಸರನ್ನು ಗಟ್ಟಿಯಾಗಿ ಹೇಳಿ ನೋಡುತ್ತೇನೆ, ಯಾರಿಗೂ ಕೇಳುವುದಿಲ್ಲ.

ಅವರ ಫೋನು ದಿನಕ್ಕೆ ನೂರು ಸಲ ಕುಂಯ್ ಅನ್ನುತ್ತದೆ. ಯಾರಪ್ಪ ಇವಳು ಎಂದು ಮೊದಲ ವಾರವೆಲ್ಲ ಎದೆ ಹೊಡೆದುಕೊಂಡಿತ್ತು. ಇವತ್ತು ಧೈರ್ಯ ಮಾಡಿ ಕೇಳಿದರೆ ಫೋನನ್ನೇ ಕೈಗಿತ್ತರು. ‘ಲಾಳಿ ಅಭಿಮಾನಿಗಳು’ ಎಂಬ ಗುಂಪು, ನಾನೂರ ಹನ್ನೆರಡು ಮಂದಿ. ನನ್ನ ಸವತಿ ಒಂದು ಫುಟ್‌ಬಾಲ್ ತಂಡ.

ಲಾಳಿ ಫುಟ್‌ಬಾಲ್ ಸಂಘ ನಮ್ಮ ಓಣಿಯದು. ಮಗ್ಗದೊಳಗೆ ಆ ಅಂಚಿನಿಂದ ಈ ಅಂಚಿಗೆ ನೂಲು ಹೊತ್ತು ಓಡುವ ಲಾಳಿಯ ಹೆಸರಿಟ್ಟಿದ್ದಾರೆ. ಆಡುವವರೂ ಮಗ್ಗದ ಹುಡುಗರೇ. ಇಪ್ಪತ್ತಾರು ವರ್ಷದಿಂದ ಅದರ ಮ್ಯಾನೇಜರ್ ನನ್ನ ಮಾವ ಶಿದ್ರಾಮಪ್ಪ. ಆಟ ಕಲಿಸುವವರನ್ನು ಇಲ್ಲಿ ಕೋಚ್ ಅನ್ನುವುದಿಲ್ಲ, ಟೀವಿಯಲ್ಲಿ ಇಂಗ್ಲೆಂಡಿನ ಪಂದ್ಯ ನೋಡಿ ಮ್ಯಾನೇಜರ್ ಅನ್ನುವುದನ್ನು ಕಲಿತಿದ್ದಾರೆ. ಮಾವ ಹರೆಯದಲ್ಲಿ ಇಚಲಕರಂಜಿಯ ಮಗ್ಗಗಳಲ್ಲಿ ದುಡಿಯುತ್ತಿದ್ದಾಗ ರಜೆಯ ದಿನ ಕೊಲ್ಲಾಪುರಕ್ಕೆ ಹೋಗಿ ಆಟ ನೋಡಿ, ಕಲಿತು, ಊರಿಗೆ ತಂದರಂತೆ.

ಈಗಿನ ಗದ್ದಲ ಏನೆಂದರೆ, ಸಂಘದ ಹಿರಿಯರಿಗೆ ವಯಸ್ಸಾಗಿ ತಂಡವನ್ನು ಬಾಡಗಂಡಿಯ ಚನಮಲ್ಲಪ್ಪ ಎಂಬ ಸಾಹುಕಾರರಿಗೆ ಒಪ್ಪಿಸುತ್ತಿದ್ದಾರೆ. ಅವರಿಗೆ ಕಬ್ಬು ಕಡಿಯುವ ಯಂತ್ರಗಳಿವೆ, ಬೆಲ್ಲದ ಗಾಣಗಳಿವೆ. ಗುಂಪಿನಲ್ಲಿ ಯಾರೋ ದುಂಡನೆಯ ಬೆಲ್ಲದ ಪೆಂಟೆಯ ಚಿತ್ರ ಹಾಕಿ ‘ನಮ್ಮ ಹೊಸ ಬಾಲ್’ ಎಂದು ಬರೆದಿದ್ದರು. ನಾನು ನಕ್ಕಿದ್ದು ಕಂಡು ಅವರಿಗೆ ಎಷ್ಟು ಖುಷಿಯಾಯಿತೆಂದರೆ, ಇನ್ನು ಫುಟ್‌ಬಾಲನ್ನು ಪ್ರೀತಿಸದೆ ನನಗೆ ಗತಿಯಿಲ್ಲ.

ನವೆಂಬರ್ 20, ಅಮಾವಾಸ್ಯೆ

ಇವತ್ತು ಎಚ್ಚರವಾದಾಗ ಕಿವಿಗೆ ಏನೋ ಆಗಿದೆ ಅಂದುಕೊಂಡೆ. ಸದ್ದೇ ಇಲ್ಲ. ನಮ್ಮ ಓಣಿಯಲ್ಲಿ ಮಗ್ಗಗಳು ನಿಲ್ಲುವುದು ಅಮಾವಾಸ್ಯೆಗೆ ಮಾತ್ರ, ಆದ್ದರಿಂದ ಲಾಳಿಯ ಪಂದ್ಯಗಳೂ ಅಮಾವಾಸ್ಯೆಗೇ. ಬೇರೆ ಊರಿನವರು ಈ ದಿನ ಶುಭಕಾರ್ಯ ಇಟ್ಟುಕೊಳ್ಳುವುದಿಲ್ಲ, ನಾವು ಫೈನಲ್ಲೇ ಇಟ್ಟುಕೊಳ್ಳುತ್ತೇವೆ ಎಂದು ಅವರು ಹೇಳಿದರು.

ಹೊಸ ಸೀರೆ ಉಟ್ಟುಕೊಂಡು ಹೋಗಿ ಹೆಂಗಸರ ಸಾಲಿನಲ್ಲಿ ಕುಳಿತೆ. ನನ್ನವರು ಮೂರು ವರ್ಷದ ಹಿಂದೆ ಮೊಣಕಾಲು ತಿರುಚಿಕೊಂಡು ಆಟ ಬಿಟ್ಟವರು. ಈಗ ಗೆರೆಯಾಚೆ ನಿಂತು ಕೂಗುವುದೇ ಅವರ ಆಟ. ಎಷ್ಟು ಚೆಂದ ಕೂಗುತ್ತಾರೆ.

ಮಾವ ಮಾತ್ರ ಒಂದು ಮಾತೂ ಆಡಲಿಲ್ಲ. ಗೆರೆಯ ಪಕ್ಕ ನಿಂತು ಕೈ ಆಡಿಸುತ್ತಿದ್ದರು. ಎರಡೂ ಕೈಯ ಬೆರಳ ತುದಿಗಳನ್ನು ಜೋಡಿಸಿ ಫಕ್ಕನೆ ದೂರ ಎಳೆದರು. ಹಿಂದಿದ್ದ ನಾಲ್ವರು ಹುಡುಗರು ಓಡಿ ಒತ್ತೊತ್ತಾಗಿ ನಿಂತರು. ನಾನು ಅತ್ತೆಯನ್ನು ಕೇಳಿದೆ. ಮಗ್ಗದ ಸದ್ದಿನಲ್ಲಿ ಮಾತು ಕೇಳುವುದಿಲ್ಲವಲ್ಲ, ಅಲ್ಲಿ ಎಲ್ಲರೂ ಕೈಯಲ್ಲೇ ಮಾತಾಡುತ್ತಾರೆ. ಬೆರಳು ಜೋಡಿಸಿ ಎಳೆದರೆ ಎಳೆ ಹರಿದಿದೆ, ಬಂದು ಗಂಟು ಹಾಕು ಎಂದು ಅರ್ಥ. ಮೈದಾನದಲ್ಲಿ, ಸಾಲು ಬಿರುಕು ಬಿಟ್ಟಿದೆ, ಕೂಡಿಕೊಳ್ಳಿ ಎಂದು. ಮೂವತ್ತು ವರ್ಷದ ಸದ್ದಿಗೆ ಮಾವನ ಕಿವಿಯೂ ಮುಕ್ಕಾಲು ಹೋಗಿದೆ. ತುಟಿ ನೋಡಿ ತಿಳಿದುಕೊಳ್ಳುತ್ತಾರೆ.

ನನಗೆ ಇದು ಸ್ವಲ್ಪ ಹಳೆಯ ಕಾಲದ್ದು ಅನ್ನಿಸಿತು. ಮೂಕಾಭಿನಯದ ಹಾಗೆ. 1-0 ಗೆದ್ದೆವು.

ನವೆಂಬರ್ 25

ಚನಮಲ್ಲಪ್ಪನವರ ಹೆಸರು ಖಾಯಂ ಆಯಿತು. ಹೊಸ ಒಡೆಯ ಬಂದ ಮೇಲೆ ಹೊಸ ಮ್ಯಾನೇಜರ್ ಬರಲೇಬೇಕು ಎಂದು ಗುಂಪು ತೀರ್ಮಾನಿಸಿಬಿಟ್ಟಿದೆ. ಒಬ್ಬರು ಕೊಲ್ಲಾಪುರದಿಂದ ಬರುತ್ತಾರೆ ಅಂದರೆ, ಇನ್ನೊಬ್ಬರು ಹುಬ್ಬಳ್ಳಿಯಲ್ಲಿ ರೈಲ್ವೆಯಿಂದ ನಿವೃತ್ತರಾದ ಆಟಗಾರ ಅನ್ನುತ್ತಾರೆ. ಮೂರನೆಯವರು ಗೋವಾದವನೆಂದು ಆಣೆ ಮಾಡುತ್ತಾರೆ.

ನಿನ್ನೆ ಬಸ್‌ಸ್ಟ್ಯಾಂಡಿನಲ್ಲಿ ಟ್ರ್ಯಾಕ್ ಪ್ಯಾಂಟ್ ತೊಟ್ಟ ಅಪರಿಚಿತನೊಬ್ಬ ಇಳಿದನಂತೆ. ಯಲ್ಲಾಲಿಂಗ ಅವನನ್ನು ಆಟೋದಲ್ಲಿ ಕೂರಿಸಿಕೊಂಡು ಹೋಗಿ ಮೈದಾನ ತೋರಿಸಿ, ಎರಡು ಸಲ ಚಹ ಕುಡಿಸಿ, ಬಾಡಿಗೆಯನ್ನೂ ತೆಗೆದುಕೊಳ್ಳಲಿಲ್ಲವಂತೆ. ಈ ಯಲ್ಲಾಲಿಂಗ ನಮ್ಮ ಗೋಲ್‌ಕೀಪರ್, ಹಗಲು ಆಟೋ ಓಡಿಸುತ್ತಾನೆ. ಕೊನೆಗೆ ಆ ಮನುಷ್ಯ ಚೀಲ ಬಿಚ್ಚಿ ಗೊಬ್ಬರದ ಮಾದರಿ ತೋರಿಸಿದ. ಇವತ್ತು ಯಲ್ಲಾಲಿಂಗ ನಮ್ಮ ಪಡಸಾಲೆಗೆ ಬಂದು ಇದನ್ನೆಲ್ಲ ಹೇಳಿ, ಗೊಬ್ಬರದವ ಬಂದರೂ ಅಡ್ಡಿಯಿಲ್ಲ, ನಮ್ಮ ಮೈದಾನದಲ್ಲಿ ಹುಲ್ಲಾದರೂ ಬೆಳೆದೀತು ಅಂದ. ನಾನು ಒಳಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡು ನಕ್ಕೆ.

ಮಾವ ಎದುರಿಗೇ ಕುಳಿತು ಅವನ ತುಟಿ ನೋಡುತ್ತಿದ್ದರು. ಅವರೂ ನಕ್ಕರು. ಮತ್ತೆ ಎದ್ದು ಶೆಡ್ಡಿಗೆ ಹೋದರು.

ಗುಂಪಿನಲ್ಲಿ ಬದಲಾವಣೆ ಬೇಕು ಎಂದು ಎಲ್ಲರಿಗಿಂತ ಚೆನ್ನಾಗಿ ಬರೆಯುವವರು ಯಾರು? ನನ್ನವರು. ಓದಿದರೆ ಮೈ ಜುಮ್ಮೆನ್ನುತ್ತದೆ.

ನವೆಂಬರ್ 29

ಇವತ್ತು ನಾನು ಉಪಯೋಗಕ್ಕೆ ಬಂದೆ. ಸಾಹುಕಾರರಿಗೆ ತಂಡದ ಸ್ಥಿತಿಗತಿಯ ವರದಿ ಬೇಕಂತೆ. ಇಂಗ್ಲಿಷಿನಲ್ಲಿದ್ದರೆ ತೂಕ ಎಂದು ಅವರು ನನ್ನನ್ನು ಕೇಳಿದರು. ಮಧ್ಯಾಹ್ನವೆಲ್ಲ ಹೆಗಲಿಗೆ ಹೆಗಲು ತಾಗಿಸಿ ಕುಳಿತು ಬರೆದೆವು. ಅವರು ಕನ್ನಡದಲ್ಲಿ ಹೇಳುವುದು, ನಾನು ಇಂಗ್ಲಿಷಿನಲ್ಲಿ ಕೂರಿಸುವುದು. ನನ್ನ ಇಂಗ್ಲಿಷು ಇಷ್ಟು ದಿನ ಅಡುಗೆಮನೆಯ ಡಬ್ಬಿಗಳ ಮೇಲಿನ ಬರಹ ಓದಲು ಮಾತ್ರ ಇತ್ತು.

ಕೊರತೆಗಳು ಎಂಬ ತಲೆಬರಹದಡಿ ಮೈದಾನದ ಕಲ್ಲು, ಹರಿದ ಬಲೆ ಎಲ್ಲ ಆದ ಮೇಲೆ ಅವರು ಮಾವನ ವಿಷಯ ಹೇಳಿದರು. ನಾನದನ್ನು ಎಷ್ಟು ನಯವಾಗಿ ಬರೆದೆನೆಂದರೆ ಕನ್ನಡಕ್ಕೆ ತಂದರೆ ಹೀಗಾದೀತು: ‘ಈಗಿನ ಮ್ಯಾನೇಜರ್ ಅವರಿಗೆ ಕಿವಿ ಕೇಳದ ಕಾರಣ ತಂಡವು ಕೈಸನ್ನೆಯಿಂದಲೇ ನಡೆಯುತ್ತಿದ್ದು, ಇದು ಇಂದಿನ ಆಟಕ್ಕೆ ತಕ್ಕ ಪದ್ಧತಿಯಲ್ಲ.’ ಗಟ್ಟಿಯಾಗಿ ಓದಿ ತೋರಿಸಿದೆ. ನೀನು ವಕೀಲೆ ಆಗಬೇಕಿತ್ತು ಅಂದರು. ಹಿಂದೆ ಮಗ್ಗಗಳು ಓಡುತ್ತಲೇ ಇದ್ದವು.

ಡಿಸೆಂಬರ್ 3

ಚನಮಲ್ಲಪ್ಪನವರು ಊಟಕ್ಕೆ ಬಂದಿದ್ದರು. ಸಾಹುಕಾರರೆಂದರೆ ಉಂಗುರ, ದರ್ಪ ಅಂದುಕೊಂಡಿದ್ದೆ. ಬಂದವರು ಚಪ್ಪಲಿ ಹೊರಗೆ ಬಿಟ್ಟು, ಅತ್ತೆಗೆ ನಮಸ್ಕಾರ ಮಾಡಿ, ನೆಲದ ಮೇಲೆ ಕುಳಿತು ಎಣ್ಣೆಗಾಯಿಯನ್ನು ಮೂರು ಸಲ ಹಾಕಿಸಿಕೊಂಡರು. ತಮ್ಮ ಗಾಣದ ಬೆಲ್ಲ ತಂದಿದ್ದರು.

ಊಟದ ನಡುವೆ ವರದಿಯನ್ನು ಹೊಗಳಿದರು. ಇಂಥ ಇಂಗ್ಲಿಷ್ ನಮ್ಮ ಕಚೇರಿಯಲ್ಲೇ ಯಾರಿಗೂ ಬರುವುದಿಲ್ಲ, ಯಾರು ಬರೆದದ್ದು ಎಂದು ಕೇಳಿದರು. ನನ್ನವರು ನನ್ನತ್ತ ಕಣ್ಣು ತೋರಿಸಿದರು. ನಾನು ಹೋಳಿಗೆಯ ತಾಟು ಹಿಡಿದುಕೊಂಡು ಅರ್ಧ ಅಡಿ ಎತ್ತರವಾದೆ.

ಮಾವ ಸಾಹುಕಾರರ ಪಕ್ಕದಲ್ಲೇ ಕುಳಿತಿದ್ದರು. ಆದರೆ ಚನಮಲ್ಲಪ್ಪನವರ ಮೀಸೆ ದಟ್ಟ, ಮೇಲ್ದುಟಿಯನ್ನು ಪೂರ್ತಿ ಮುಚ್ಚುತ್ತದೆ. ಮಾವನಿಗೆ ಮಾತು ಸಿಗಲಿಲ್ಲ. ಎಲ್ಲರೂ ನಕ್ಕಾಗ ಅವರೂ ನಕ್ಕು, ಸಾಹುಕಾರರಿಗೆ ಇನ್ನೊಂದು ಹೋಳಿಗೆ ಹಾಕುವಂತೆ ನನಗೆ ಸನ್ನೆ ಮಾಡಿದರು.

ಡಿಸೆಂಬರ್ 6

ಕೊಲ್ಲಾಪುರದವನೂ ಅಲ್ಲ, ಗೋವಾದವನೂ ಅಲ್ಲ. ಮ್ಯಾನೇಜರ್ ನನ್ನವರೇ. ಇಪ್ಪತ್ತೇಳರ ವಯಸ್ಸಿಗೇ ಲಾಳಿಯ ಮ್ಯಾನೇಜರ್. ಸಾಹುಕಾರರು ಬೆಳಗ್ಗೆ ಫೋನು ಮಾಡಿ ಹೇಳಿದರಂತೆ. ಅವರು ನನ್ನನ್ನು ಅಡುಗೆಮನೆಯಲ್ಲಿ ಎತ್ತಿ ತಿರುಗಿಸಿದರು, ಮೆಣಸಿನಪುಡಿಯ ಡಬ್ಬಿ ಉರುಳಿ ಇಬ್ಬರೂ ಸೀನುತ್ತ ನಕ್ಕೆವು. ಅಮ್ಮನಿಗೆ ಜಮಖಂಡಿಗೆ ಫೋನು ಮಾಡಿ ಹೇಳಲೇ ಅಂದೆ.

“ಬ್ಯಾಡ, ಅಪ್ಪಗ ಇನ್ನೂ ಹೇಳಿಲ್ಲ,” ಅಂದರು. “ಸಮಯ ನೋಡಿ ನಾನs ಹೇಳತೇನಿ.”

ಹೌದಲ್ಲ, ಮಾವನಿಗೂ ಎಷ್ಟು ಹೆಮ್ಮೆಯಾದೀತು. ಮನೆಯ ಮಗನೇ.

ಡಿಸೆಂಬರ್ 9

ಮಾವನ ಹೆಸರಿಗೆ ಒಂದು ಲಕೋಟೆ ಬಂತು. ಅವರು ಅದನ್ನು ತೆಗೆದುಕೊಂಡು ಪಡಸಾಲೆಯ ಕಿಟಕಿಯ ಹತ್ತಿರ, ನನ್ನ ಮುಖದ ಮೇಲೆ ಬೆಳಕು ಬೀಳುವ ಹಾಗೆ ಎದುರಿಗೆ ಕುಳಿತರು.

“ಇಂಗ್ಲಿಷ್ ಐತೆವ್ವಾ. ಓದಿ ಹೇಳು.”

ಸಾಹುಕಾರರ ಕಚೇರಿಯ ಪತ್ರ. ಇಪ್ಪತ್ತಾರು ವರ್ಷದ ಸೇವೆಗೆ ಕೃತಜ್ಞತೆ, ಹೊಸ ಜರ್ಸಿ ಬಿಡುಗಡೆಯ ದಿನ ಸನ್ಮಾನ. ಒಂದೊಂದು ಸಾಲು ಓದಿ ಕನ್ನಡದಲ್ಲಿ ಹೇಳುತ್ತ ಹೋದೆ. ಎರಡನೆಯ ಪ್ಯಾರಾಕ್ಕೆ ಬಂದಾಗ ನನ್ನ ವಾಕ್ಯ ಅಲ್ಲಿ ಕುಳಿತಿತ್ತು. ಒಂದು ಅಕ್ಷರವನ್ನೂ ಬದಲಿಸಿರಲಿಲ್ಲ. ಓದುವುದನ್ನು ನಿಲ್ಲಿಸಿದೆ.

“ಉಳದದ್ದೂ ಓದು.”

ಹೇಳಿದೆ. ಕಿವಿ ಕೇಳದ ಕಾರಣ. ಕೈಸನ್ನೆ. ತಕ್ಕ ಪದ್ಧತಿಯಲ್ಲ. ತಗ್ಗಿಸಿ ಹೇಳಲು ನೋಡಿದೆ, ಆದರೆ ತುಟಿ ನೋಡುವವರ ಎದುರು ದನಿ ತಗ್ಗಿಸಿದರೆ ಏನು ಉಪಯೋಗ? ಮಾವ ಪತ್ರ ತೆಗೆದುಕೊಂಡು ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡರು.

“ಛಲೋ ಬರದಾರ. ಒಂದೂ ಬೈಗಳಿಲ್ಲ,” ಅಂದು ಶೆಡ್ಡಿಗೆ ಹೋದರು.

ಡಿಸೆಂಬರ್ 10

ಇವತ್ತು ಬರೆಯುವಂಥದ್ದೇನಿಲ್ಲ. ಮಾವನಿಗೆ ಬೇಗ ಹೇಳಿಬಿಡಿ ಎಂದು ಅವರಿಗೆ ಹೇಳಿದೆ. ಹೂಂ ಅಂದರು.

ಡಿಸೆಂಬರ್ 13

ಮೊನ್ನೆ ಗುಂಪಿನಲ್ಲಿ ಹೊಸ ಮ್ಯಾನೇಜರ್ ಹೆಸರು ಬಂತು. ಆರುನೂರು ಸಂದೇಶ. ಅರ್ಧ ಜನ ಹಾರ ಹಾಕಿದರು. ಇನ್ನರ್ಧ, ಅಪ್ಪನ ಕುರ್ಚಿ ಎಳೆದು ಕುಳಿತವ ಎಂದು ಬರೆದರು. ಅದನ್ನು ಬರೆದವರೇ ಹೋದ ತಿಂಗಳು ಶಿದ್ರಾಮ ಕಾಕಾ ಸಾಕು ಎಂದವರು, ನಾನು ಹಿಂದಕ್ಕೆ ಸರಿಸಿ ಸರಿಸಿ ನೋಡಿದೆ. ಮಾವನಿಗೆ ಈ ಫೋನಿನ ಹಂಗಿಲ್ಲ. ಆದರೆ ನೀರಿಗೆ ಹೋದರೂ ಅಂಗಡಿಗೆ ಹೋದರೂ ಜನ ಅವರನ್ನು ಕಂಡೊಡನೆ ತುಟಿ ಮುಚ್ಚುತ್ತಾರೆ.

ನನ್ನವರು ಅಭ್ಯಾಸ ಶುರು ಮಾಡಿದ್ದಾರೆ, ಸೀಟಿ ಮತ್ತು ಕೈಮೈಕು. ನಾನು ಚಹ ಕೊಡುವ ನೆಪದಲ್ಲಿ ಶೆಡ್ಡಿನಲ್ಲಿ ಕೂರುತ್ತೇನೆ. ಮಾವ ಮೊದಲು ಸಂಜೆ ಮೈದಾನಕ್ಕೆ ಹೋಗುವ ಹೊತ್ತಿಗೆ ಈಗ ಮಗ್ಗದ ಮುಂದೆ ಇರುತ್ತಾರೆ. ನನಗೆ ಬೇಸರ ಕಳೆಯಲೆಂದೋ ಏನೋ ಸನ್ನೆ ಕಲಿಸುತ್ತಿದ್ದಾರೆ. ಅಂಗೈ ಕೆಳಗೆ ಮಾಡಿ ತಗ್ಗಿಸಿದರೆ ನಿಧಾನ. ಹೆಬ್ಬೆರಳು ಕೆಳಮುಖ ಮಾಡಿದರೆ ಕಂಡಿಕೆ ಖಾಲಿ, ಅಂದರೆ ಲಾಳಿಯೊಳಗಿನ ನೂಲಿನ ಸುರುಳಿ ಮುಗಿಯಿತು, ಬದಲಿಸು. ಆಟದಲ್ಲಿ ಅದೇ ಸನ್ನೆ ದಣಿದವನನ್ನು ಹೊರಗೆ ಕರೆಯಲು. ಏಳು ಸನ್ನೆ ಕಲಿತೆ. ಒಮ್ಮೆ ಹರಿದ ಎಳೆಯನ್ನು ಮಾವನಿಗಿಂತ ಮೊದಲು ನಾನೇ ಕಂಡು ಬೆರಳು ಎಳೆದೆ. ಓಡಿ ಬಂದು ಗಂಟು ಹಾಕಿದರು. ಒಂದು ಮಾತೂ ಬೇಕಾಗಲಿಲ್ಲ.

ಡಿಸೆಂಬರ್ 15

ಹೇಳಿಬಿಟ್ಟೆ. ಶೆಡ್ಡಿನಲ್ಲಿ, ಆರೂ ಮಗ್ಗ ಓಡುತ್ತಿರುವಾಗ. ನನ್ನ ದನಿ ನನಗೇ ಕೇಳಲಿಲ್ಲ.

“ಮಾವಾರ, ಆ ಸಾಲು ಬರದಾಕಿ ನಾನರಿ.”

ಮಾವ ಕೈಯೊರೆಸಿಕೊಂಡು ಬಂದು ನನ್ನ ಕಿವಿಯ ಹತ್ತಿರ ಬಾಗಿದರು.

“ಗೊತ್ತೈತಿ. ಅದೊಂದು ಸಾಲು ನೀ ಕಾಗದ ನೋಡದs ಹೇಳಿದಿ.”

ನಾನು ಅಳುತ್ತ ನಿಂತೆ. ಅವರು ಹತ್ತಿಯ ಉಂಡೆಯೊಂದನ್ನು ಮೂಗೊರೆಸಿಕೊಳ್ಳಲು ಕೊಟ್ಟರು. ಮ್ಯಾನೇಜರ್ ಯಾರೆಂದು ಗೊತ್ತೇ ಎಂದು ಕೇಳಿದೆ.

“ಊರೆಲ್ಲ ಬಾಯಿ ಮುಚಗೊಂಡು ಅದನ್ನs ಹೇಳತೈತಿ. ಅಂವಾ ಒಬ್ಬಾಂವ ಹೇಳಿಲ್ಲ.” ಮತ್ತೆ ಬಾಗಿ ಅಂದರು, “ಕುರ್ಚಿ ಹೋಗಲಿ ಬಿಡವ್ವಾ. ಕುರ್ಚಿ ಎಲ್ಲಿತ್ತು, ನಿಂತs ಇದ್ದೆ. ಅಂವಾ ಬಂದು ಹೇಳಬೇಕಾಗಿತ್ತು.”

ಡಿಸೆಂಬರ್ 16

ಮೊದಲ ಜಗಳ. ಜಗಳ ಅಂದರೆ ಹೇಗಿರುತ್ತದೋ ಎಂದು ಹೆದರಿದ್ದೆ. ಅಕ್ಕಿ ಆರಿಸುತ್ತ ಕುಳಿತೇ ಮಾತಾಡಿದೆ.

ಅಮಾವಾಸ್ಯೆಯ ಪಂದ್ಯ ಗೆದ್ದು ಬಂದು ಅಪ್ಪನಿಗೆ ಹೇಳುತ್ತೇನೆ ಅಂದರು. ಗೆಲ್ಲದಿದ್ದರೆ ಅಂದೆ. ಆಮೇಲೆ, ಅಪ್ಪನಿಗೆ ಕಿವಿಯೇ ಕೇಳುವುದಿಲ್ಲ, ಇಂಥ ಮಾತನ್ನು ಹೇಗೆ ಹೇಳಲಿ ಅಂದರು.

“ತುಟಿ ನೋಡಿ ತಿಳಕೋತಾರ್ರಿ. ನೀವು ಮಾರಿ ತೋರಸೂದಿಲ್ಲ, ಅದs.”

“ನೀ ಯಾರ ಕಡೆ?”

ಯಾರ ಕಡೆ ಎಂದು ನನಗೇ ಗೊತ್ತಿರಲಿಲ್ಲ. ಆಗ ವೀರೇಶ ನನಗೆ ಇದುವರೆಗೆ ಹೇಳದ ಒಂದು ವಿಷಯ ಹೇಳಿದ. ಮೂರು ವರ್ಷದ ಹಿಂದೆ ಗದಗಿನ ತಂಡದ ಎದುರು ಮೊಣಕಾಲು ನೋಯುತ್ತಿದ್ದರೂ ಆಡುತ್ತಿದ್ದ. ಅಪ್ಪ ಗೆರೆಯಾಚೆಯಿಂದ ಹೆಬ್ಬೆರಳು ಕೆಳಗೆ ಮಾಡಿದರು. ಹೊರಗೆ ಬಂದ. ಅವತ್ತಿನಿಂದ ಮತ್ತೆ ಒಳಗೆ ಕರೆಯಲಿಲ್ಲ. ಯಾಕೆಂದು ಅವರೂ ಹೇಳಲಿಲ್ಲ, ಇವನೂ ಕೇಳಲಿಲ್ಲ.

“ಕಂಡಿಕಿ ಖಾಲಿ ಆದ್ರ ಮತ್ತ ನೂಲು ಸುತ್ತತಾರಲ್ರಿ,” ಅಂದೆ.

“ನನಗ ಯಾರೂ ಸುತ್ತಲಿಲ್ಲ.”

ಒಂದೇ ಮನೆ, ಒಂದೇ ಶೆಡ್ಡು, ಮೂರು ವರ್ಷ. ಇಬ್ಬರೂ ಎಷ್ಟು ಒಂದೇ ತರಹ ಇದ್ದಾರೆ.

ಡಿಸೆಂಬರ್ 19, ಎಳ್ಳಮಾಸಿ (ಎಳ್ಳು ಅಮಾವಾಸ್ಯೆ)

ಹೊಲ ಇದ್ದವರು ಬುತ್ತಿ ಕಟ್ಟಿಕೊಂಡು ಭೂತಾಯಿಗೆ ಚರಗ ಚೆಲ್ಲಲು ಹೋದರು. ಹೊಲವಿಲ್ಲದ ನಮ್ಮ ಓಣಿ ಬುತ್ತಿ ಕಟ್ಟಿಕೊಂಡು ಮೈದಾನಕ್ಕೆ ಹೋಯಿತು. ಮಾವ ಬರಲಿಲ್ಲ. ಜರ್ಸಿ ಬಿಡುಗಡೆಯ ಸನ್ಮಾನ ಬೇಡ ಅಂದುಬಿಟ್ಟಿದ್ದರು. ಮಗ್ಗಗಳಿಗೆ ಎಣ್ಣೆ ಬಿಡುವುದಿದೆ ಅಂದರು.

ಎದುರಿಗೆ ಮಿರಜದ ತಂಡ. ಚನಮಲ್ಲಪ್ಪನವರು ಅಭಿಮಾನಿಗಳ ಹುರುಪಿಗೆಂದು ನಾಲ್ಕು ಮೂಲೆಗೂ ಆಳೆತ್ತರದ ಡಿಜೆ ಬಾಕ್ಸ್ ತರಿಸಿದ್ದರು. ಒಳ್ಳೆಯ ಮನಸ್ಸಿನಿಂದಲೇ ತರಿಸಿದ್ದು. ಪಂದ್ಯ ಶುರುವಾದಾಗ ಮೈದಾನ ಆರಲ್ಲ, ಅರವತ್ತು ಮಗ್ಗದ ಶೆಡ್ಡಾಯಿತು. ವೀರೇಶ ಕೈಮೈಕಿನಲ್ಲಿ ಕೂಗಿದ್ದು ಅವನಿಗೇ ಕೇಳಿರಲಿಕ್ಕಿಲ್ಲ. ನಮ್ಮ ಹುಡುಗರು ಚೆಂಡು ಸಿಕ್ಕಾಗಲೆಲ್ಲ ತಲೆಯೆತ್ತಿ ಗೆರೆಯ ಕಡೆ ನೋಡುತ್ತಿದ್ದರು. ಅಂಥ ಸದ್ದಿನಲ್ಲಿ ಅವರು ಹುಟ್ಟಿದಂದಿನಿಂದ ಕೈಗಳನ್ನೇ ನೋಡಿದವರು. ಗೆರೆಯಲ್ಲಿದ್ದ ಎರಡು ಕೈಗಳಲ್ಲಿ ಒಂದರಲ್ಲಿ ಮೈಕು, ಇನ್ನೊಂದರಲ್ಲಿ ಸೀಟಿ. ಅರ್ಧ ಆಟಕ್ಕೆ 2-0. ಎಡಗಡೆ ಪೂರ್ತಿ ಬಿಚ್ಚಿಹೋಗಿತ್ತು. ನನಗೇ ಕಾಣುತ್ತಿತ್ತು.

ವಿರಾಮದಲ್ಲಿ ವೀರೇಶ ನೀರು ಕುಡಿಯುತ್ತ ಹೆಂಗಸರ ಕಡೆ ನೋಡಿದ. ನಾನು ಎದ್ದು ನಿಂತೆ. ಪಕ್ಕದಲ್ಲಿ ಅತ್ತೆ ಇದ್ದರು, ಇಡೀ ಓಣಿಯ ಹೆಂಗಸರಿದ್ದರು. ಬೆರಳು ಜೋಡಿಸಿ ಎಳೆದೆ, ಎಡಗಡೆ ತೋರಿಸಿದೆ. ಅವನು ಬಹಳ ಹೊತ್ತು ನನ್ನನ್ನೇ ನೋಡಿದ. ಮತ್ತೆ ಆಟ ಶುರುವಾದಾಗ ಮೈಕನ್ನು ನೆಲದ ಮೇಲಿಟ್ಟ. ಸೀಟಿ ಕಿಸೆಗೆ ಹೋಯಿತು. ಎರಡೂ ಕೈ ಮೇಲೆ ಬಂದವು.

ಅವನ ಕೈಗಳೂ ಥೇಟ್ ಮಾವನ ಕೈಗಳೇ. ಹುಡುಗರು ಅದನ್ನು ಕಂಡ ಕ್ಷಣ ಸರಿದು ನಿಂತ ರೀತಿ ನೋಡಬೇಕಿತ್ತು, ಮಗ್ಗದಲ್ಲಿ ಹಾಸಿನ ಎಳೆಗಳು ಬಿಗಿಯಾದ ಹಾಗೆ. ಒಂದು ಗೋಲು ಹೊಡೆದರು. ಇನ್ನೊಂದು ಕಂಬಕ್ಕೆ ಬಡಿಯಿತು. 2-1 ಸೋತೆವು.

ಸಂಜೆಯೊಳಗೆ ಗುಂಪಿನಲ್ಲಿ ಕೊಲ್ಲಾಪುರದವನು ಮತ್ತೆ ಬಂದಿದ್ದಾನೆ. ಒಬ್ಬನಂತೂ ಅವನಿಗೆ ಬಾಡಿಗೆ ಮನೆಯನ್ನೂ ಹುಡುಕಿದ್ದಾನೆ. ಯಲ್ಲಾಲಿಂಗ, ಆ ಗೊಬ್ಬರದವನ ನಂಬರು ನನ್ನ ಹತ್ತಿರ ಇದೆ ಎಂದು ಬರೆದ. ಸಾಹುಕಾರರು ಮಾತ್ರ ಶಾಂತವಾಗಿದ್ದರು. ಕಬ್ಬು ನೆಟ್ಟ ಮರುದಿನ ಗಾಣಕ್ಕೆ ಬರುವುದಿಲ್ಲ ಎಂದು ವೀರೇಶನ ಬೆನ್ನು ತಟ್ಟಿ ಹೋದರಂತೆ.

ಮನೆಗೆ ಬಂದಾಗ ಮಾವ ಪಡಸಾಲೆಯಲ್ಲೇ ಇದ್ದರು. ವೀರೇಶ ಬಾಗಿಲಲ್ಲಿ ನಿಂತ. ಇಬ್ಬರೂ ಒಂದು ಕ್ಷಣ ನೋಡಿಕೊಂಡರು. ಅವನು ಕೈಕಾಲು ತೊಳೆಯಲು ಹಿಂದಕ್ಕೆ ಹೋದ. ಮಾವ ಉಣ್ಣಲು ಎದ್ದರು. ನಾನು ಹೇಳಬೇಕಾದ್ದನ್ನು ಇಬ್ಬರಿಗೂ ಹೇಳಿಯಾಗಿದೆ.

ಡಿಸೆಂಬರ್ 20

ಬೆಳಗ್ಗೆ ಮಗ್ಗಗಳು ಎಂದಿನಂತೆ ಶುರುವಾದವು. ಅತ್ತೆ ರೊಟ್ಟಿ ಬಡಿಯುತ್ತಿದ್ದರು, ನಾನು ಪಲ್ಯಕ್ಕೆ ಹೆಚ್ಚುತ್ತಿದ್ದೆ. ಅಡುಗೆಮನೆಯ ಹಿಂಬಾಗಿಲಿನಿಂದ ಶೆಡ್ಡು ಕಾಣುತ್ತದೆ. ವೀರೇಶ ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು ಒಳಗೆ ಹೋದ. ಮಾವ ಮೂರನೆಯ ಮಗ್ಗದ ಹತ್ತಿರ ಇದ್ದರು. ಇವನು ಹೋಗಿ, ಪಕ್ಕಕ್ಕಲ್ಲ, ಎದುರಿಗೇ ನಿಂತ. ತಗಡಿನ ಸಂದಿಯ ಬಿಸಿಲು ಅವನ ಮುಖದ ಮೇಲಿತ್ತು. ಅವನ ತುಟಿ ಅಲ್ಲಾಡಿತು. ಬಹಳ ಹೊತ್ತು ಅಲ್ಲಾಡಿತು.

ಮಾವ ಕೈಯೆತ್ತಿ ಅವನನ್ನು ತಡೆದರು. ಹೋಗಿ ಮೂರನೆಯ ಮಗ್ಗದ ಗುಂಡಿ ಒತ್ತಿದರು. ಆಮೇಲೆ ಎರಡನೆಯದು, ಒಂದನೆಯದು. ಗೋಡೆಯ ಕಡೆಯ ಮೂರನ್ನೂ ಒಂದೊಂದಾಗಿ ನಿಲ್ಲಿಸಿದರು. ಕೊನೆಯದು ನಿಂತಾಗ ಅತ್ತೆಯ ಕೈಯಲ್ಲಿ ರೊಟ್ಟಿ ಅರ್ಧಕ್ಕೇ ನಿಂತಿತು.

“ಈಗ ಹೇಳು,” ಎಂದು ಮಾವ ಅಂದದ್ದು ನಮಗೆ ಕೇಳಿಸಿತು. “ಜೋರ ಹೇಳು. ಕಿವಿಗೆ ಬೀಳಲಿ.”

“ಅಪ್ಪಾ, ಆ ವರದಿ ಬರಸಿದಾಂವ ನಾನು.”

“ಇನ್ನೂ ಜೋರ.”

“ನಾನs ಬರಸೀನಿ. ನಿನ್ನ ಜಾಗಾದಾಗ ನಾ ನಿಂತೀನಿ. ನಿನಗ ಹೇಳಾಕ ಧೈರ್ಯ ಆಗಲಿಲ್ಲ.”

ಆ ಮಾತು ಓಣಿಯ ಕೊನೆಯ ಮನೆಗೂ ಕೇಳಿರಬೇಕು. ಮಾವ ತಲೆ ವಾರೆ ಮಾಡಿ, ಒಂದು ಕಿವಿಯನ್ನು ಮಗನ ಕಡೆ ಹಿಡಿದು ನಿಂತಿದ್ದರು. ವೀರೇಶ ಅದೇ ದನಿಯಲ್ಲಿ ಮೊಣಕಾಲಿನ ವಿಷಯ ಕೇಳಿದ. ಮಾವನ ಉತ್ತರ ಮೆಲ್ಲಗಿತ್ತು. ಡಾಕ್ಟರು ಇನ್ನೊಂದು ಆಟ ಆಡಿದರೆ ಕೋಲು ಹಿಡಿಯುತ್ತಾನೆ ಎಂದಿದ್ದರಂತೆ. ಹೇಳಿದರೆ ಹುಡುಗ ಎದೆಗುಂದುತ್ತಾನೆ ಎಂದು ಹೇಳಲಿಲ್ಲವಂತೆ. ಆಮೇಲೆ ಹೇಳಲು ಹೊತ್ತು ಮೀರಿತ್ತು.

ವೀರೇಶ ಮ್ಯಾನೇಜರ್‌ಗಿರಿ ಬಿಟ್ಟುಬಿಡುತ್ತೇನೆ ಅಂದ.

“ಬಿಡಬ್ಯಾಡ. ನಾ ಹೊಳ್ಳಿ ಬರೂದಿಲ್ಲ. ನಿನ್ನಿ ಎಡಗಡೆ ಆ ಸಣ್ಣ ಹುಡುಗನ್ನ ಒಬ್ಬನ್ನs ಯಾಕ ಬಿಟ್ಟಿ? ಅದನ್ನ ಮೊದಲ ಹೇಳು.”

ಅಂದರೆ ನೋಡಿದ್ದಾರೆ. ಎಲ್ಲಿ ನಿಂತು ನೋಡಿದರೋ ಗೊತ್ತಿಲ್ಲ. ವೀರೇಶ ಏನೋ ಹೇಳಲು ಹೋಗಿ ಅಳತೊಡಗಿದ. ಮಾವ ಕೆಳಗೆ ಕುಳಿತು ಅವನನ್ನೂ ಕೈಹಿಡಿದು ಕೂರಿಸಿಕೊಂಡರು. ಶೆಡ್ಡಿನ ನೆಲದ ಮೇಲೆ ಕಂಡಿಕೆಗಳನ್ನಿಟ್ಟು ಹನ್ನೊಂದು ಮಂದಿ ಆಟಗಾರರನ್ನು ನಿಲ್ಲಿಸತೊಡಗಿದರು.

ಅಷ್ಟರಲ್ಲಿ ಪಕ್ಕದ ಮನೆಯ ಸಾವಕ್ಕ ಸೆರಗು ಸರಿಪಡಿಸಿಕೊಳ್ಳುತ್ತ ಓಡಿ ಬಂದಳು. ಕರೆಂಟಿದೆ, ಅಮಾವಾಸ್ಯೆ ಮುಗಿದಿದೆ, ಆರೂ ಮಗ್ಗ ನಿಂತಿವೆ ಅಂದರೆ ಮನೆಯಲ್ಲಿ ಏನೋ ಕೆಟ್ಟದ್ದು ಆಗಿದೆ ಎಂದೇ ಈ ಓಣಿಯಲ್ಲಿ ತಿಳಿಯುತ್ತಾರೆ. ಅವಳ ಹಿಂದೆ ಇನ್ನೂ ಇಬ್ಬರು ಬಾಗಿಲಲ್ಲಿ ನಿಂತಿದ್ದರು.

“ಯಾಕ ತಂಗೆವ್ವಾ, ಯಾರಿಗೇನಾತು?”

ಅತ್ತೆ ಕೈಯಲ್ಲಿದ್ದ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿದರು.

“ಯಾರಿಗೂ ಏನೂ ಆಗಿಲ್ಲವ್ವಾ,” ಅಂದರು. “ಅಪ್ಪಾ ಮಗಾ ಮಾತಾಡಾಕತ್ತಾರ.”